ಮುಂಬಯಿಯ ಕನ್ನಡ ಶಿಕ್ಷಕರ ಪಾಠ ಟಿಪ್ಪಣಿ: ಅಂತರ್ಜಾಲ ಕೊಟ್ಟದ್ದು, ಕೊಡದೆ ಉಳಿದದ್ದು

ನಾಳೆ ಯಾವ ಪಾಠ, ಎಷ್ಟು ಅವಧಿ, ಯಾವ ಬೋಧನೋಪಕರಣ ಎಂಬುದನ್ನು ಶಿಕ್ಷಕರು ಮುಂಚಿತವಾಗಿ ಬರೆದಿಡುವ ಟಿಪ್ಪಣಿಗೆ ಮರಾಠಿಯಲ್ಲಿ 'ಟಾಚಣ'ವೆಂದು ಹೆಸರು. ಒಂದು ಕಾಲದಲ್ಲಿ ಮುಂಬಯಿಯ ಕನ್ನಡ ಶಿಕ್ಷಕರಿಗೆ ಇದನ್ನು ಬರೆಯಲು ಪಠ್ಯಪುಸ್ತಕ, ಕೈಯಿಂದ ಬರೆದ ತಕ್ತೆ, ಊರಿನಿಂದ ತಂದ ನಾಲ್ಕಾರು ಪುಸ್ತಕಗಳಷ್ಟೇ ಆಧಾರವಾಗಿದ್ದವು.

1967ರಲ್ಲಿ ಸ್ಥಾಪನೆಗೊಂಡ ಪುಣೆಯ 'ಬಾಲಭಾರತಿ' ಸಂಸ್ಥೆಯು ಮರಾಠಿಯಷ್ಟೇ ಅಲ್ಲದೆ ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಅವು ಈಗ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವುದರಿಂದ, ಮುದ್ರಿತ ಪ್ರತಿ ಕೈಸೇರುವ ಮೊದಲೇ ವರ್ಷದ ಪಾಠಗಳನ್ನು ವಿಂಗಡಿಸಿಕೊಳ್ಳಬಹುದು. ಕೇಂದ್ರ ಸರಕಾರವು 2017ರಲ್ಲಿ ಆರಂಭಿಸಿದ 'ದೀಕ್ಷಾ' ತಾಣದಲ್ಲಿ ಪಾಠಕ್ಕೆ ಸಂಬಂಧಿಸಿದ ವೀಡಿಯೋ, ಅಭ್ಯಾಸಗಳೂ ಇವೆ.

ಆದರೆ ಇಲ್ಲೊಂದು ತೊಡಕಿದೆ. ಕನ್ನಡದ ಡಿಜಿಟಲ್ ಪಾಠಸಾಮಗ್ರಿಯಲ್ಲಿ ಬಹುಪಾಲು ಕರ್ನಾಟಕದ ಪಠ್ಯಕ್ರಮಕ್ಕೆ ಸಿದ್ಧವಾದದ್ದು. ಮಹಾರಾಷ್ಟ್ರದಲ್ಲಿಯಾದರೋ ನಾಲ್ಕನೆಯ ಇಯತ್ತೆಯ ಮಕ್ಕಳು ಶಿವಾಜಿ ಮಹಾರಾಜರ ಚರಿತ್ರೆಯನ್ನು ಒಂದು ಪುಸ್ತಕವಾಗಿಯೇ ಓದುತ್ತ ಬಂದಿದ್ದಾರೆ. ಶಿವನೇರಿ, ರಾಯಗಡಗಳ ಚಿತ್ರಗಳು ಮರಾಠಿ ವೀಡಿಯೋಗಳಲ್ಲಿ ಹೇರಳ; ಕನ್ನಡದ ವಿವರಣೆ ಮಾತ್ರ ಶಿಕ್ಷಕರದೇ ಆಗಬೇಕು. ಧ್ವನಿಯನ್ನು ತಗ್ಗಿಸಿ ಎಲ್ಲಿ ನಿಲ್ಲಿಸಬೇಕು, ಯಾವ ಮರಾಠಿ ಪದವನ್ನು ಹಾಗೆಯೇ ಉಳಿಸಬೇಕು, ಯಾವುದಕ್ಕೆ ಕನ್ನಡ ಕೊಡಬೇಕು ಎಂಬುದೇ ಇಂದಿನ ಟಾಚಣದ ಮುಖ್ಯ ಭಾಗ. ಹುಡುಕುವ ಶ್ರಮ ಕಡಿಮೆಯಾಯಿತು, ಹೊಂದಿಸುವ ಶ್ರಮ ಹೆಚ್ಚಿತು.

ನಮಗೆ ಹೆಚ್ಚು ಉಪಯುಕ್ತವೆನಿಸಿರುವುದು ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ 'ಸ್ಟೋರಿವೀವರ್' ತಾಣ. ಇಲ್ಲಿನ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಣೆಗೊಂಡಿವೆ. ಅವುಗಳನ್ನು ಅನುವಾದಿಸಲು, ಬದಲಿಸಲು, ಮುದ್ರಿಸಲು ಮುಕ್ತ ಅವಕಾಶವಿದೆ. ಮನೆಯಲ್ಲಿ ತುಳು, ಓಣಿಯಲ್ಲಿ ಹಿಂದಿ, ತರಗತಿಯಲ್ಲಿ ಕನ್ನಡ ಎನ್ನುವ ಮಗುವಿಗೆ ಒಂದೇ ಕಥೆಯ ಕನ್ನಡ, ಮರಾಠಿ ಪ್ರತಿಗಳನ್ನು ಜೊತೆಯಲ್ಲಿಟ್ಟು ಓದಿಸಬಹುದು. ಮೊಬೈಲು ಮಗುವಿನ ಕೈಗೆ ಬರಬೇಕೆಂದಿಲ್ಲ; ಅದು ತಂದೆಯೊಡನೆ ಕೆಲಸಕ್ಕೆ ಹೋಗಿರುತ್ತದೆಂಬುದನ್ನು 2020ರ ಲಾಕ್‌ಡೌನ್ ತೋರಿಸಿಕೊಟ್ಟಿತು.

ಅಕ್ಷರದ ಕಿರುಕುಳವೂ ಉಂಟು. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಸಿದ್ಧವಾದ ಹಳೆಯ ಪ್ರಶ್ನಪತ್ರಿಕೆಗಳನ್ನು ಇಂದಿನ ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ! ಪರಿವರ್ತಕ ತಂತ್ರಾಂಶಗಳಿವೆ, ಒತ್ತಕ್ಷರಗಳನ್ನು ಮಾತ್ರ ಮತ್ತೊಮ್ಮೆ ತಿದ್ದಬೇಕು.

ಕನ್ನಡ ಶಾಲೆಗಳು ಒಂದೊಂದಾಗಿ ಕಡಿಮೆಯಾಗುತ್ತಿರುವ ಈ ನಗರದಲ್ಲಿ ಹೀಗೆ ಹೊಂದಿಸಿದ ಪಾಠಗಳು ಆಯಾ ಶಿಕ್ಷಕರ ಮೊಬೈಲಿನಲ್ಲಿಯೇ ಉಳಿಯುತ್ತವೆ. ಅವರು ನಿವೃತ್ತರಾದಾಗ ಅವೂ ಮನೆಗೆ ಹೋಗುತ್ತವೆ. ಅವನ್ನು ಇಯತ್ತೆವಾರು ಒಂದೆಡೆ ಸೇರಿಸಿಡುವುದು ಸಂಘಸಂಸ್ಥೆಗಳಿಗೆ ದೊಡ್ಡ ಖರ್ಚಿನ ಕೆಲಸವಲ್ಲ. ಟೈಪು ಮಾಡಬಲ್ಲ ಕನ್ನಡಿಗರು ನಮ್ಮ ಮನೆಗಳಲ್ಲಿಯೇ ಇದ್ದಾರೆ.