ಅನ್ನದ ರಾಜಕಾರಣ ಓದುವ ಪ್ರಾಧ್ಯಾಪಕಿ

2002ರಲ್ಲಿ ಆಫ್ರಿಕಾದ ದಕ್ಷಿಣ ಭಾಗಕ್ಕೆ ಬರ ಬಡಿದಾಗ ಅಮೆರಿಕದಿಂದ ನೆರವಿನ ಮೆಕ್ಕೆಜೋಳ ಬಂತು. ಅದರಲ್ಲಿ ಕುಲಾಂತರಿ ತಳಿಯ ಕಾಳೂ ಬೆರೆತಿತ್ತು. ರೈತರು ಅದನ್ನೇ ಬಿತ್ತಿಬಿಟ್ಟರೆ ಏನು ಗತಿ ಎಂದು ಕೆಲವು ದೇಶಗಳು ಹಿಟ್ಟು ಮಾಡಿ ಕೊಡಿ ಎಂದವು. ಜಾಂಬಿಯಾ ಹಿಟ್ಟೂ ಬೇಡವೆಂದಿತು. ಹಸಿದವರಿಗೆ ಇಷ್ಟು ಬಿಗುಮಾನವೇ ಎಂದು ಹುಬ್ಬೇರಿಸಿದವರು ಹಲವರು. ನೆರವನ್ನು ದುಡ್ಡಾಗಿ ಕೊಡದೆ ಕಾಳಾಗಿಯೇ ಕೊಡುವುದೇಕೆ ಎಂದು ಕೆದಕಿದವರಲ್ಲಿ ಜೆನಿಫರ್ ಕ್ಲ್ಯಾಪ್ ಒಬ್ಬರು.

ಕ್ಲ್ಯಾಪ್ ಈಗ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಡಾಕ್ಟರೇಟ್ ಪಡೆದ ಅವರು ಗಿನಿ ದೇಶದ ಕೃಷಿಗೆ ವಿಶ್ವಬ್ಯಾಂಕ್ ಸೂಚಿಸಿದ ಸುಧಾರಣೆಗಳ ಬಗ್ಗೆ 1997ರಲ್ಲಿ ಪುಸ್ತಕ ಬರೆದರು. ಆಮೇಲೆ ಬಡ ದೇಶಗಳಿಗೆ ಸಾಗಿಸುವ ವಿಷಕಸದ ಬಗ್ಗೆ ಇನ್ನೊಂದು. ಊಟಕ್ಕೂ ಕಸಕ್ಕೂ ಏನು ನಂಟು ಅನ್ನಿಸಬಹುದು. ದೂರದಲ್ಲಿ ಕೂತ ಯಾರೋ ಮಾಡಿದ ತೀರ್ಮಾನವನ್ನು ಇಲ್ಲಿನವರು ಉಣ್ಣಬೇಕಾದದ್ದೇ ಎರಡಕ್ಕೂ ಸಮಾನ.

2012ರಲ್ಲಿ ಬಂದ ಅವರ ಒಂದು ಪುಸ್ತಕದ ವಸ್ತು ಆಹಾರ ನೆರವಿನ ರಾಜಕೀಯ. ಅಮೆರಿಕದ 1954ರ ಪಿ.ಎಲ್. 480 ಕಾಯ್ದೆಯ ಮೊದಲ ಗುರಿಗಳಲ್ಲಿ ಮಿಕ್ಕಿದ ಧಾನ್ಯವನ್ನು ಖಾಲಿ ಮಾಡುವುದೂ ಒಂದು. ನೆರವಿನ ಧಾನ್ಯದಲ್ಲಿ ಕನಿಷ್ಠ ಅರ್ಧದಷ್ಟು ಅಮೆರಿಕದ ಹಡಗಿನಲ್ಲೇ ಹೋಗಬೇಕು. ಸಾಗಣೆ ಖರ್ಚು ಏರಿದಷ್ಟೂ ಹಸಿದವನ ಪಾಲು ಕುಗ್ಗುತ್ತದೆ. ನೆರವಿನ ಧಾನ್ಯವನ್ನು ತನ್ನ ದೇಶದಲ್ಲೇ ಕೊಳ್ಳಬೇಕೆಂಬ ಕಟ್ಟುಪಾಡನ್ನು ಕೆನಡಾ 2008ರಲ್ಲಿ ಪೂರ್ತಿ ಕೈಬಿಟ್ಟಿತು. ಪಿ.ಎಲ್. 480 ಅಡಿ ಬಂದ ಗೋಧಿ ನಮ್ಮ ಹಿರಿಯರಿಗೂ ಗೊತ್ತು. ಗೋಧಿಗೆ ಭಾರತ ರೂಪಾಯಿಯಲ್ಲಿ ತೆತ್ತ ದುಡ್ಡಿನಿಂದಲೇ ಅಮೆರಿಕದ ಗ್ರಂಥಾಲಯಗಳು 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಕೊಂಡವು, ಕನ್ನಡದವೂ ಅದರಲ್ಲಿದ್ದವು.

2007–08ರ ಆಹಾರ ಬೆಲೆಯೇರಿಕೆಯ ನಂತರ ಕ್ಲ್ಯಾಪ್ ಅವರ ಕಣ್ಣು ಧಾನ್ಯದ ಸಟ್ಟಾ ವ್ಯಾಪಾರದತ್ತ, ಬಳಿಕ ದೈತ್ಯ ಕಂಪನಿಗಳತ್ತ ಹೊರಳಿತು. ಡೌ–ಡುಪಾಂಟ್, ಕೆಮ್‌ಚೈನಾ–ಸಿಂಜೆಂಟಾ, ಬೇಯರ್–ಮೊನ್ಸಾಂಟೊ ಜೋಡಿಗಳು 2017–18ರಲ್ಲಿ ಒಂದಾದವು. ಬೀಜ ಮಾರುವವರೇ ಕೀಟನಾಶಕವನ್ನೂ ಮಾರುತ್ತಾರೆ. ಟ್ರ್ಯಾಕ್ಟರ್, ಗೊಬ್ಬರ, ಬೀಜ, ಔಷಧ ಕೆಲವರ ಕೈಗೇ ಸೇರಿದ ಕಥೆ 2025ರ ಅವರ ಪುಸ್ತಕದಲ್ಲಿದೆ. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘಕ್ಕೆ ಈ ಕಥೆಯ ಸುಳಿವು ಮೊದಲೇ ಸಿಕ್ಕಿತ್ತು. ಕ್ಲ್ಯಾಪ್ ಬರಹದಲ್ಲಿ ಘೋಷಣೆ ಕಡಿಮೆ, ಲೆಕ್ಕಪತ್ರ ಹೆಚ್ಚು. ಓದಲು ಒಂದಿಷ್ಟು ತಾಳ್ಮೆ ಬೇಕು, ನಿಜ.

ರೋಮ್‌ನಲ್ಲಿ ವಿಶ್ವ ಆಹಾರ ಭದ್ರತಾ ಸಮಿತಿಗೆ ಸಲಹೆ ಕೊಡುವ ತಜ್ಞರ ಮಂಡಳಿಯೊಂದಿದೆ. 2010ರಲ್ಲಿ ಅದರ ಮೊದಲ ಅಧ್ಯಕ್ಷರಾದವರು ನಮ್ಮ ಎಂ.ಎಸ್. ಸ್ವಾಮಿನಾಥನ್. ಕ್ಲ್ಯಾಪ್ ಅದರ ಉಪಾಧ್ಯಕ್ಷೆಯಾಗಿದ್ದವರು. ಆಹಾರ ಸಿಗುವುದು, ಕೈಗೆಟುಕುವುದು, ಮೈಗೆ ಹತ್ತುವುದು, ನಿರಂತರವಾಗಿರುವುದು ಎಂಬ ನಾಲ್ಕು ಅಳತೆಗಳ ಜೊತೆಗೆ, ಏನು ಬೆಳೆಯಬೇಕು, ಏನು ತಿನ್ನಬೇಕೆಂದು ಜನರೇ ನಿರ್ಧರಿಸುವ ಶಕ್ತಿಯನ್ನೂ ಸುಸ್ಥಿರತೆಯನ್ನೂ ಸೇರಿಸಬೇಕೆಂದು ಮಂಡಳಿಯ 2020ರ ವರದಿ ಹೇಳಿತು. ಅದನ್ನು ಬರೆದ ತಂಡದ ಮುಂದಾಳು ಕ್ಲ್ಯಾಪ್.

ಈ ಮಂಡಳಿ ತನ್ನ ವರದಿಗಳ ಕರಡನ್ನು ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಕೇಳುತ್ತದೆ. ಯಾರು ಬೇಕಾದರೂ ಬರೆಯಬಹುದು. ನಮ್ಮ ಕೃಷಿ ವಿಶ್ವವಿದ್ಯಾಲಯಗಳೂ ರೈತ ಸಂಘಟನೆಗಳೂ ಮುಂದಿನ ಕರಡು ಬಂದಾಗ ಬರೆಯಲಿ.