ರೋಗಿ ಊಟ ಬಿಟ್ಟರೆ ಮೊದಲು ಬಾಯಿ ನೋಡಿ

ವಾರ್ಡಿನಲ್ಲಿ ಮಲಗಿರುವ ಹಿರಿಯರು ತಟ್ಟೆ ಪಕ್ಕಕ್ಕೆ ಸರಿಸಿದರೆ, ಜೊತೆಗಿರುವವರು “ಕಾಯಿಲೆಗೆ ಬಾಯಿ ರುಚಿ ಕೆಟ್ಟಿದೆ” ಎಂದು ಸುಮ್ಮನಾಗುತ್ತಾರೆ. ಎಷ್ಟೋ ಸಲ ಕಾರಣ ಬಾಯಿಯೊಳಗೇ ಇರುತ್ತದೆ: ಒಣಗಿ ಅಂಗುಳಕ್ಕೆ ಅಂಟುವ ನಾಲಿಗೆ, ಊದಿದ ಒಸಡು, ಸಡಿಲವಾಗಿ ಚುಚ್ಚುವ ಹಲ್ಲಿನ ಸೆಟ್ಟು. ದಿನವೂ ಬಿಪಿ, ಸಕ್ಕರೆ, ಜ್ವರ ನೋಡುತ್ತಾರೆ. ಬಾಯಿ ತೆರೆಸಿ ನೋಡುವವರು ಕಡಿಮೆ. ನರ್ಸ್ ನೋಡುತ್ತಾರೆಂದು ಮನೆಯವರು, ಮನೆಯವರು ಉಜ್ಜಿಸಿರುತ್ತಾರೆಂದು ನರ್ಸ್ ಅಂದುಕೊಂಡು ಈ ಕೆಲಸ ಯಾರದೂ ಅಲ್ಲದಂತಾಗುತ್ತದೆ.

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಸುಮಾರು 0.5ರಿಂದ 1.5 ಲೀಟರ್ ಜೊಲ್ಲು ಊರುತ್ತದೆ. ತುತ್ತು ನೆನೆದು ಗಂಟಲಿಗೆ ಜಾರುವುದು, ನಾಲಿಗೆಗೆ ರುಚಿ ತಿಳಿಯುವುದು, ಹಲ್ಲಿನ ಸಂದಿ ತೊಳೆಯುವುದು ಎಲ್ಲವೂ ಅದರಿಂದಲೇ. ಆಕ್ಸಿಜನ್ ಮಾಸ್ಕ್, ಬಾಯಲ್ಲಿ ಉಸಿರಾಡುವುದು, ಮೂತ್ರ ಹೆಚ್ಚಿಸುವ ಮಾತ್ರೆ, ಅಲರ್ಜಿಯ ಮತ್ತು ಖಿನ್ನತೆಯ ಕೆಲವು ಔಷಧಿಗಳು ಈ ಜೊಲ್ಲನ್ನು ಒಣಗಿಸುತ್ತವೆ. ಅಗಿಯುವುದು ನಿಂತರೆ ಅದು ಮತ್ತೂ ಇಳಿಯುತ್ತದೆ. ಹಾಗಾಗಿ ಮೂಗಿನ ನಳಿಕೆಯಲ್ಲಿ ಆಹಾರ ಪಡೆಯುವವರ ಬಾಯಿಗೆ ಉಳಿದವರಿಗಿಂತ ಹೆಚ್ಚು ಆರೈಕೆ ಬೇಕು. “ತಿನ್ನುತ್ತಲೇ ಇಲ್ಲವಲ್ಲ, ಯಾಕೆ ಉಜ್ಜಬೇಕು” ಎಂಬ ಮಾತನ್ನು ದಯವಿಟ್ಟು ಬಿಡಿ.

ತೊಳೆಯದ ಬಾಯಲ್ಲಿ ಬೆಳೆದ ರೋಗಾಣುಗಳು ಜೊಲ್ಲಿನೊಂದಿಗೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರುತ್ತದೆ. ಜಪಾನಿನ 11 ವೃದ್ಧರ ಆರೈಕೆ ಕೇಂದ್ರಗಳಲ್ಲಿ ಎರಡು ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಯಮಿತವಾಗಿ ಬಾಯಿ ಶುಚಿ ಮಾಡಿಸಿಕೊಂಡವರಲ್ಲಿ ಶೇ. 11 ಮಂದಿಗೆ ನ್ಯುಮೋನಿಯಾ ಬಂದರೆ, ಉಳಿದವರಲ್ಲಿ ಶೇ. 19 ಮಂದಿಗೆ ಬಂದಿತ್ತು. ಬ್ರಷ್ಷಿನ ಬೆಲೆ ನೆನೆದರೆ ಇದು ದೊಡ್ಡ ಲಾಭ.

ಮೃದುವಾದ ಬ್ರಷ್, ಬಟಾಣಿಯಷ್ಟು ಪೇಸ್ಟ್, ದಿನಕ್ಕೆರಡು ಸಲ ಸಾಕು. ರೋಗಿಯನ್ನು ಕೂರಿಸಿ, ಇಲ್ಲವೇ ತಲೆಯ ಕಡೆ ಮಂಚ ಎತ್ತರಿಸಿ ಹಲ್ಲು, ಒಸಡು, ನಾಲಿಗೆ ಉಜ್ಜಿ. ಉಗುಳಲಾರದವರು, ಎಚ್ಚರವಿಲ್ಲದವರು ಇದ್ದರೆ ಒಬ್ಬರೇ ನೀರು ಹಾಕಬೇಡಿ. ಮುಖ ಪಕ್ಕಕ್ಕೆ ತಿರುಗಿಸಿ, ಸಕ್ಷನ್ ಇಟ್ಟುಕೊಂಡು ಮಾಡುವುದು ನರ್ಸ್ ಕೆಲಸ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಉಜ್ಜುವ ಮುನ್ನ ವೈದ್ಯರನ್ನು ಕೇಳಿ. ನಿಂಬೆ ಮತ್ತು ಗ್ಲಿಸರಿನ್ ಅದ್ದಿದ ಹತ್ತಿ ಬೇಡ: ಬಾಯಿ ಆಮೇಲೆ ಇನ್ನಷ್ಟು ಒಣಗುತ್ತದೆ, ಹುಳಿ ಹಲ್ಲನ್ನು ಸವೆಸುತ್ತದೆ. ತುಟಿ ಬಿರಿದಿದ್ದರೆ ವ್ಯಾಸಲೀನ್ ಆಗುತ್ತದೆ. ಆಕ್ಸಿಜನ್ ಹಾಕಿರುವವರಿಗೆ ಮಾತ್ರ ನೀರಿನಂಶದ ಜೆಲ್ ಕೇಳಿ ಪಡೆಯಿರಿ.

ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು, ಬ್ರಷ್ಷಿನಲ್ಲಿ ತೊಳೆದು, ಹೆಸರು ಬರೆದ ಮುಚ್ಚಳದ ಡಬ್ಬಿಯಲ್ಲಿ ತಣ್ಣೀರು ಹಾಕಿಡಿ. ಕಾಗದದಲ್ಲಿ ಸುತ್ತಿ ದಿಂಬಿನ ಪಕ್ಕ ಇಟ್ಟರೆ ಅದು ಕಸದ ಬುಟ್ಟಿ ಸೇರಬಹುದು. ಸೆಟ್ಟು ಕಳೆದುಕೊಂಡ ಅಜ್ಜಿ ರೊಟ್ಟಿ ಬಿಡುತ್ತಾರೆ, ಪಲ್ಯ ಬಿಡುತ್ತಾರೆ, ಕೊನೆಗೆ ಬರೀ ಗಂಜಿಗೆ ಇಳಿಯುತ್ತಾರೆ.

ಗಂಜಿಯ ವಿಷಯಕ್ಕೇ ಬರೋಣ. ತೆಳ್ಳನೆ ಅಕ್ಕಿ ಗಂಜಿಯ ಬಹುಪಾಲು ನೀರು. ಕಾಯಿಲೆಯಲ್ಲಿರುವವರಿಗೆ ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ತೂಗುವವರಿಗೆ 50ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದೇ ಸುಮಾರು 6 ಗ್ರಾಂ. ಅದೇ ಗಂಜಿಗೆ ಹೆಸರುಬೇಳೆ ಬೇಯಿಸಿ ಮಸೆದು ಹಾಕಿ, ಒಂದು ಚಮಚ ತುಪ್ಪ ಬಿಡಿ. ಮೆತ್ತನೆ ಮೊಸರನ್ನ, ಹಾಲಿನಲ್ಲಿ ಕಾಯಿಸಿದ ರಾಗಿ ಸರಿ, ಮಸೆದ ಮೊಟ್ಟೆ ಕೊಡಿ. ಹುಣ್ಣಿದ್ದರೆ ಖಾರ, ಹುಳಿ, ಬಿಸಿ ಬಿಟ್ಟು, ಸ್ವಲ್ಪ ಸ್ವಲ್ಪವೇ ಹಲವು ಸಲ ಉಣಿಸಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಬೇರೆ. ಪೊಟ್ಯಾಶಿಯಂ ಹೆಚ್ಚಿರುವ ಎಳನೀರನ್ನೂ ಅವರಿಗೆ ಕೇಳದೆ ಕೊಡಬಾರದು.

ಪಾರ್ಶ್ವವಾಯು ಆದವರಿಗೆ ನುಂಗುವ ಪರೀಕ್ಷೆ ಮುಗಿಯುವವರೆಗೆ ಒಂದು ಗುಟುಕು ನೀರೂ ಬೇಡ. ಆಮೇಲೆ ನೆಟ್ಟಗೆ ಕೂರಿಸಿ ಉಣಿಸಿ, ಸ್ವಾಧೀನವಿಲ್ಲದ ಕಡೆಯ ಕೆನ್ನೆಯಲ್ಲಿ ಅನ್ನ ಉಳಿದಿದೆಯೇ ನೋಡಿ, ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ.

ಮೊಸರಿನಂಥ ಬಿಳಿ ಪದರ ಕಂಡರೆ ಶಿಲೀಂಧ್ರದ ಸೋಂಕಿರಬಹುದು. ಆಂಟಿಬಯಾಟಿಕ್, ಸ್ಟೀರಾಯ್ಡ್ ಇನ್‌ಹೇಲರ್ ಪಡೆಯುವವರಲ್ಲಿ, ಮಧುಮೇಹಿಗಳಲ್ಲಿ ಇದು ಹೆಚ್ಚು, ಔಷಧಿಗೆ ಗುಣವಾಗುತ್ತದೆ. ನಾಲಿಗೆ ನುಣುಪಾಗಿ ಕೆಂಪಾಗಿ ಉರಿಯುತ್ತಿದ್ದರೆ ಕಬ್ಬಿಣ ಅಥವಾ ಬಿ12 ಕೊರತೆ ಇರಬಹುದು. ರೌಂಡ್ಸ್‌ಗೆ ಬಂದ ವೈದ್ಯರಿಗೆ ಬಾಯಿ ತೆರೆಸಿ ತೋರಿಸಿ, ಸಂಕೋಚ ಬೇಡ.

ಕಾಯಿಲೆಯಲ್ಲಿ ತೂಕ ಇಳಿದವರಿಗೆ ಹಳೆಯ ಸೆಟ್ಟು ಕೂರದೆ ಹೋಗಬಹುದು, ಡಿಸ್ಚಾರ್ಜ್ ಆದ ಮೇಲೆ ಹಲ್ಲಿನ ವೈದ್ಯರಿಗೆ ತೋರಿಸಿ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲೆಂದೇ ಕರ್ನಾಟಕ ಸರ್ಕಾರ ದಂತ ಭಾಗ್ಯ ಯೋಜನೆ ತಂದಿದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.