ನರ್ಸಿಂಗ್ ಹೋಮಿಗೆ 4 ಸ್ಟಾರ್: ಕೊಟ್ಟವರು ಯಾರು?

ನಮ್ಮೂರಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್‌ಗೋ ಹೋಗುವ ಸಣ್ಣ ಆಸ್ಪತ್ರೆ. ನಾನಿರುವ ಅಮೆರಿಕದಲ್ಲಿ ಆ ಹೆಸರಿಗೆ ಅರ್ಥವೇ ಬೇರೆ. ಸೊಂಟ ಮುರಿದು ಆಪರೇಷನ್ ಆದವರು, ಪಾರ್ಶ್ವವಾಯು ಹೊಡೆದವರು, ಮರೆವಿನ ಕಾಯಿಲೆಯವರು ವಾರಗಟ್ಟಲೆ, ಕೆಲವರು ಕೊನೆಯತನಕ ಇರುವ ಜಾಗ ಅದು. ಇಂಥವು ಇಲ್ಲಿ ಸುಮಾರು 15,000 ಇವೆ. ನಿಮ್ಮ ಅಣ್ಣನೋ ಅಕ್ಕನೋ ಇಲ್ಲಿದ್ದು, ಅಪ್ಪ-ಅಮ್ಮನನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಂಡಿದ್ದರೆ, ಈ ವಿಷಯ ಒಂದಲ್ಲ ಒಂದು ದಿನ ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಬರಬಹುದು.

ಬಂದರೆ ಹೇಳದೆ ಕೇಳದೆ ಬರತ್ತೆ. ನಮ್ಮ ದೊಡ್ಡಮ್ಮ ಬಾತ್‌ರೂಮಲ್ಲಿ ಜಾರಿಬಿದ್ದು ಸೊಂಟದ ಆಪರೇಷನ್ ಆಯ್ತು. ಆಮೇಲಿನ ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಯವರು ಏಳು ನರ್ಸಿಂಗ್ ಹೋಮ್‌ಗಳ ಪಟ್ಟಿ ಅಣ್ಣನ ಕೈಗಿಟ್ಟು, "ಭಾನುವಾರ ಸಂಜೆಯೊಳಗೆ ಯಾವುದು ಅಂತ ಹೇಳಿ" ಅಂದರು. ಇದು ಒಳ್ಳೇದು, ಅದು ಬೇಡ ಅಂತ ಅವರು ಬಾಯಿಬಿಡಲಿಲ್ಲ. ಅಣ್ಣ ಪಟ್ಟಿಯ ಫೋಟೋ ನನಗೆ ಕಳಿಸಿದ: "ನೀನು ದಿನಾ ಡೇಟಾ ನೋಡ್ತೀಯಲ್ಲ, ನೋಡಿ ಹೇಳು." ಅವನೂ ಸಾಫ್ಟ್‌ವೇರೇ. ಆದರೆ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಯಾರ ತಲೆ ತಾನೇ ಓಡತ್ತೆ?

ನೋಡೋಕೆ ಡೇಟಾ ಏನೋ ಇದೆ, ಅದೂ ಪುಕ್ಕಟೆ. ಮೆಡಿಕೇರ್‌ನ ಸರ್ಕಾರಿ ಜಾಲತಾಣದಲ್ಲಿ 'ಕೇರ್ ಕಂಪೇರ್' ಅನ್ನೋ ಭಾಗಕ್ಕೆ ಹೋಗಿ ಊರಿನ ಹೆಸರು ಹಾಕಿದರೆ, ಪ್ರತಿ ನರ್ಸಿಂಗ್ ಹೋಮಿಗೂ 1ರಿಂದ 5ರವರೆಗೆ ಸ್ಟಾರ್ ಕಾಣತ್ತೆ. ಈ ಸ್ಟಾರ್ ಪದ್ಧತಿ 2008ರಿಂದ ಇದೆ. ಹೆಚ್ಚಿನವರು ಮೇಲೆ ದಪ್ಪಗೆ ಕಾಣುವ ಒಟ್ಟು ಸ್ಟಾರ್ ನೋಡಿ, ಮನೆಗೆ ಹತ್ತಿರ ಇರೋದನ್ನ ಆರಿಸಿಬಿಡ್ತಾರೆ. ರೆಸ್ಟೋರೆಂಟ್ ಆರಿಸಿದ ಹಾಗೆ. ನನ್ನ ತಕರಾರು ಇರೋದು ಇಲ್ಲೇ. ಆ ಒಂದು ಅಂಕಿಯೊಳಗೆ ಮೂರು ಅಂಕಿಗಳಿವೆ: ತಪಾಸಣೆ, ಸಿಬ್ಬಂದಿ, ಗುಣಮಟ್ಟ. ಮೂರರ ಡೇಟಾ ತುಂಬಿದವರೂ ಬೇರೆ ಬೇರೆ.

ತಪಾಸಣೆಯದು ಹೊರಗಿನವರ ಕಣ್ಣು. ರಾಜ್ಯದ ಇನ್‌ಸ್ಪೆಕ್ಟರ್‌ಗಳು ಮುಂಚೆ ತಿಳಿಸದೆ ಬಂದು ನೋಡ್ತಾರೆ. ಸರಾಸರಿ ವರ್ಷಕ್ಕೊಮ್ಮೆ, ಹೆಚ್ಚೆಂದರೆ 15 ತಿಂಗಳಿಗೊಮ್ಮೆ ಬರಬೇಕು ಅನ್ನೋದು ನಿಯಮ. ಯಾರಾದರೂ ದೂರು ಕೊಟ್ಟರೆ ಮಧ್ಯದಲ್ಲೂ ಬರ್ತಾರೆ. ಸಿಕ್ಕ ಪ್ರತಿ ಲೋಪಕ್ಕೂ 'ಎ'ಯಿಂದ 'ಎಲ್'ವರೆಗೆ ಒಂದು ಅಕ್ಷರ ಕೊಡ್ತಾರೆ. 'ಜಿ' ಅಥವಾ ಅದರಾಚೆ ಇದ್ದರೆ ಯಾರಿಗೋ ನಿಜವಾಗಿ ತೊಂದರೆಯಾಗಿದೆ, ಇಲ್ಲವೇ ಆಗುವ ಅಪಾಯ ಎದುರಿಗೇ ಇತ್ತು ಅಂತ. 'ಜೆ', 'ಕೆ', 'ಎಲ್' ಬಂದರೆ ಜೀವಕ್ಕೇ ಸಂಚಕಾರ.

ಈ ತಪಾಸಣೆಯ ಸ್ಟಾರ್ ನಮ್ಮ ಆಫೀಸಿನ ಅಪ್ರೈಸಲ್ ಬೆಲ್ ಕರ್ವ್ ಇದ್ದ ಹಾಗೆ. ಆಯಾ ರಾಜ್ಯದೊಳಗೆ ಮೇಲಿನ ಶೇ. 10ಕ್ಕೆ 5 ಸ್ಟಾರ್, ಕೆಳಗಿನ ಶೇ. 20ಕ್ಕೆ 1 ಸ್ಟಾರ್, ಮಿಕ್ಕವರಿಗೆ ಮಧ್ಯದ್ದು. ಹಾಗಾಗಿ ಟೆಕ್ಸಾಸ್‌ನ 4 ಸ್ಟಾರನ್ನ ನ್ಯೂಜೆರ್ಸಿಯ 4 ಸ್ಟಾರಿನ ಪಕ್ಕ ಇಟ್ಟು ತೂಗೋಕಾಗಲ್ಲ. ಸ್ಟಾರ್ ಬಿಟ್ಟು ವರದಿಯನ್ನೇ ಓದಿ ಅಂತೀನಿ ನಾನು. ಅಲ್ಲೇ ಸಿಗತ್ತೆ. ಪ್ರೋಪಬ್ಲಿಕಾ ಅನ್ನೋ ಪತ್ರಿಕಾ ಸಂಸ್ಥೆಯ 'ನರ್ಸಿಂಗ್ ಹೋಮ್ ಇನ್‌ಸ್ಪೆಕ್ಟ್' ಪುಟದಲ್ಲಿ ಇನ್ನೂ ಸುಲಭವಾಗಿ ಹುಡುಕಬಹುದು. ಫ್ರಿಜ್‌ನಲ್ಲಿಟ್ಟ ಡಬ್ಬಿಗೆ ತಾರೀಕು ಬರೆದಿರಲಿಲ್ಲ ಅನ್ನೋದೂ ಒಂದು ಲೋಪ, ಬೆಲ್ ಒತ್ತಿ ಮುಕ್ಕಾಲು ಗಂಟೆಯಾದರೂ ಯಾರೂ ಬರಲಿಲ್ಲ ಅನ್ನೋದೂ ಒಂದು ಲೋಪ. ಬರೀ ಎಣಿಕೆ ನೋಡಿದರೆ ಎರಡೂ ಒಂದೊಂದೇ.

ಸಿಬ್ಬಂದಿಯ ಲೆಕ್ಕ ಮೊದಲು ನರ್ಸಿಂಗ್ ಹೋಮಿನವರು ಹೇಳಿದ್ದೇ ಆಗಿತ್ತು. 2018ರಿಂದ ಸಂಬಳದ ದಾಖಲೆ ನೋಡಿ ಸ್ಟಾರ್ ಕೊಡ್ತಾರೆ. ಸಂಬಳ ಕೊಡದ ನರ್ಸನ್ನ ಕಾಗದದ ಮೇಲೆ ತೋರಿಸೋದು ಅಷ್ಟು ಸುಲಭ ಅಲ್ಲ, ಹಾಗಾಗಿ ಈ ಅಂಕಿಯನ್ನ ನಾನು ನಂಬ್ತೀನಿ. ಒಬ್ಬ ರೋಗಿಗೆ ದಿನಕ್ಕೆ ಎಷ್ಟು ಗಂಟೆ ಆರೈಕೆ ಅನ್ನೋ ಲೆಕ್ಕದಲ್ಲಿ ಅದು ಇರತ್ತೆ. ಮೈ ತೊಳೆಸೋದು, ಟಾಯ್ಲೆಟ್ಟಿಗೆ ಕರೆದೊಯ್ಯೋದು, ಊಟ ಮಾಡಿಸೋದು ಎಲ್ಲ ಮಾಡುವ ನರ್ಸಿಂಗ್ ಏಡ್‌ಗಳದ್ದು 2.4 ಗಂಟೆ ಅಂತ ಇದೆ ಅನ್ನಿ. ಕೇಳೋಕೆ ಧಾರಾಳವಾಗಿದೆ, ಅಲ್ವಾ? 24 ಗಂಟೆಗೆ ಹರಡಿದರೆ ಯಾವುದೇ ಹೊತ್ತಿನಲ್ಲಿ ಹತ್ತು ಜನರಿಗೆ ಒಬ್ಬರು. ಅದೂ ಸರಾಸರಿ. ರಾತ್ರಿ ಎರಡಕ್ಕೆ ಇನ್ನೂ ಕಮ್ಮಿ.

ಎಷ್ಟಿದ್ದರೆ ಸಾಕು? ನರ್ಸ್, ಏಡ್ ಎಲ್ಲ ಸೇರಿ 4.1 ಗಂಟೆಗಿಂತ ಕಮ್ಮಿಯಾದರೆ ಹೆಚ್ಚು ದಿನ ಇರುವವರ ಆರೈಕೆ ಕೆಡಬಹುದು ಅಂತ ಸರ್ಕಾರವೇ ಮಾಡಿಸಿದ 2001ರ ಅಧ್ಯಯನ ಹೇಳಿತ್ತು. 2024ರಲ್ಲಿ ಕನಿಷ್ಠ 3.48 ಗಂಟೆ ಇರಲೇಬೇಕು ಅಂತ ನಿಯಮ ಬಂತು. ಮರುವರ್ಷವೇ ಟೆಕ್ಸಾಸ್‌ನ ಫೆಡರಲ್ ಕೋರ್ಟ್ ಅದನ್ನು ತಳ್ಳಿಹಾಕಿತು. ಹಳೆಯ ಕಾನೂನು ದಿನಕ್ಕೆ 8 ಗಂಟೆಯಾದರೂ ರಿಜಿಸ್ಟರ್ಡ್ ನರ್ಸ್ ಇರಬೇಕು ಅನ್ನತ್ತೆ, 50 ರೋಗಿಗಳಿದ್ದರೂ ಅಷ್ಟೇ, 100 ಇದ್ದರೂ ಅಷ್ಟೇ. ಅಂದರೆ ಎಣಿಸುವ ಕೆಲಸ ಮನೆಯವರದ್ದೇ.

ಅದೇ ಪುಟದಲ್ಲಿ ಇನ್ನೆರಡು ಅಂಕಿ ಇವೆ, 2022ರಿಂದ ಹಾಕ್ತಿದ್ದಾರೆ: ಶನಿವಾರ-ಭಾನುವಾರದ ಸಿಬ್ಬಂದಿ, ಮತ್ತು ವರ್ಷದಲ್ಲಿ ಎಷ್ಟು ಜನ ಕೆಲಸ ಬಿಟ್ಟರು ಅನ್ನೋದು. ನನಗೆ ಎರಡನೆಯದೇ ಮುಖ್ಯ. ವರ್ಷದಲ್ಲಿ ಅರ್ಧ ಟೀಮ್ ಬಿಟ್ಟುಹೋದ ಪ್ರಾಜೆಕ್ಟ್ ಹೇಗಿರತ್ತೆ ಅಂತ ನಮಗೆ ಗೊತ್ತಲ್ಲ! ನಮ್ಮ ದೊಡ್ಡಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬಾಯಾರಿದರೂ ಬೆಲ್ ಒತ್ತಲ್ಲ, "ಪಾಪ, ಅವರಿಗೆ ಯಾಕೆ ತೊಂದರೆ" ಅಂತಾರೆ. ಇಂಥವರಿಗೆ ಕೇಳದೇ ನೀರು ಕೊಡಬೇಕು. ಕೇಳದೇ ಕೊಡಬೇಕು ಅಂತ ತಿಳಿಯೋಕೆ ಅದೇ ಮುಖ ನಾಲ್ಕು ದಿನ ಬಂದಿರಬೇಕು.

ಗುಣಮಟ್ಟದ ಸ್ಟಾರಿಗೆ ಬೇಕಾದ ಮಾಹಿತಿಯಲ್ಲಿ ಬಹುಪಾಲು ನರ್ಸಿಂಗ್ ಹೋಮಿನವರೇ ತುಂಬುವಂಥದ್ದು. ಎಷ್ಟು ಜನ ಬಿದ್ದು ಪೆಟ್ಟಾಯಿತು, ಎಷ್ಟು ಜನರಿಗೆ ಮಲಗಿ ಮಲಗಿ ಹುಣ್ಣಾಯಿತು, ಎಲ್ಲ ಅವರೇ ಬರೆದುಕೊಳ್ತಾರೆ. ಷಿಕಾಗೋ ವಿಶ್ವವಿದ್ಯಾಲಯದ ಪ್ರಾಚಿ ಸಂಘವಿ ಮತ್ತು ಜೊತೆಯವರು ಆಸ್ಪತ್ರೆಗಳು ಮೆಡಿಕೇರ್‌ಗೆ ಕಳಿಸಿದ ಬಿಲ್ಲುಗಳನ್ನ ನರ್ಸಿಂಗ್ ಹೋಮಿನ ದಾಖಲೆಗಳ ಜೊತೆ ತಾಳೆ ನೋಡಿದರು. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಬಿದ್ದು ದೊಡ್ಡ ಪೆಟ್ಟಾಗಿ ಆಸ್ಪತ್ರೆ ಸೇರಿದ ಪ್ರಕರಣಗಳಲ್ಲಿ ನರ್ಸಿಂಗ್ ಹೋಮಿನವರು ಬರೆದುಕೊಂಡಿದ್ದು ಶೇ. 57.5 ಮಾತ್ರ. ಈ ವಿಭಾಗದಲ್ಲಿ ನಾನು ನೋಡೋದು ಮತ್ತೆ ಆಸ್ಪತ್ರೆ ಸೇರಿದವರೆಷ್ಟು, ಎಮರ್ಜೆನ್ಸಿಗೆ ಹೋದವರೆಷ್ಟು ಅನ್ನೋ ಅಂಕಿಗಳನ್ನ. ಅವು ಬಿಲ್ಲಿನಿಂದ ಬರತ್ತೆ.

ಒಟ್ಟು ಸ್ಟಾರಿನ ಲೆಕ್ಕ ಹೀಗೆ: ತಪಾಸಣೆಯ ಸ್ಟಾರಿನಿಂದ ಶುರು. ಸಿಬ್ಬಂದಿ 5 ಇದ್ದರೆ ಒಂದು ಸೇರತ್ತೆ, 1 ಇದ್ದರೆ ಒಂದು ಕಳೆಯತ್ತೆ. ಗುಣಮಟ್ಟಕ್ಕೂ ಹಾಗೇ. ನಮ್ಮ ಪಟ್ಟಿಯಲ್ಲಿ ಕೊನೆಗೆ ಉಳಿದ ಎರಡಕ್ಕೂ ಒಟ್ಟು 4 ಸ್ಟಾರೇ ಇತ್ತು. ಮನೆಗೆ ಹತ್ತಿರದ್ದಕ್ಕೆ ತಪಾಸಣೆ 3, ಸಿಬ್ಬಂದಿ 2, ಗುಣಮಟ್ಟ 5. ಇಪ್ಪತ್ತೈದು ನಿಮಿಷ ದೂರದ್ದಕ್ಕೆ ತಪಾಸಣೆ 4, ಸಿಬ್ಬಂದಿ 4, ಗುಣಮಟ್ಟ 2. ಮೊದಲನೆಯದರ ನಾಲ್ಕನೇ ಸ್ಟಾರ್ ಬಂದಿದ್ದು ತಾವೇ ತುಂಬಿದ ಫಾರಂನಿಂದ. ದೂರದ್ದು ಅಂತ ಹೇಳಿದೆ. "ದಿನಾ ಅಷ್ಟು ದೂರನಾ?" ಅಂತ ಅಣ್ಣ ಗೊಣಗಿದ. ಅವನ ಮಾತೂ ನ್ಯಾಯವೇ, ದಿನಾ ಬರುವ ಮಗನಿಗಿಂತ ಒಳ್ಳೆ ಇನ್‌ಸ್ಪೆಕ್ಟರ್ ಇಲ್ಲ.

ಹೆಸರಿನ ಪಕ್ಕ ಕೆಂಪು ಕೈ ಗುರುತು ಇದ್ದರೆ ಅಲ್ಲಿ ರೋಗಿಗಳ ಮೇಲೆ ದೌರ್ಜನ್ಯ ನಡೆದ ದಾಖಲೆ ಇದೆ. ಹಳದಿ ತ್ರಿಕೋನ ಇದ್ದರೆ ಸರ್ಕಾರ ವಿಶೇಷ ನಿಗಾ ಇಟ್ಟಿರುವ ಜಾಗ, ಅಥವಾ ಆ ಪಟ್ಟಿಯ ಹೊಸ್ತಿಲಲ್ಲಿದೆ. ಎರಡನ್ನೂ ಬಿಟ್ಟುಬಿಡಿ.

ಶನಿವಾರ ಸಂಜೆ ಊಟದ ಹೊತ್ತಿಗೆ ಅತ್ತಿಗೆ ಎರಡೂ ಕಡೆ ಹೋಗಿ ಬಂದರು. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲ ಕಡೆ ಹೂವಿನ ಕುಂಡವೇ ಕಾಣೋದು. ಆ ದಿನ ಎಷ್ಟು ನರ್ಸ್, ಎಷ್ಟು ಏಡ್ ಇದ್ದಾರೆ ಅಂತ ಎಲ್ಲರಿಗೂ ಕಾಣುವ ಕಡೆ ಹಾಕಬೇಕು, ಹೋದ ತಪಾಸಣೆಯ ವರದಿಯನ್ನ ಕೇಳದೇ ಸಿಗುವ ಹಾಗಿಡಬೇಕು ಅಂತ ಕಾನೂನಿದೆ. ಒಂದು ಕಡೆ ಬೋರ್ಡಿನಲ್ಲಿ ಗುರುವಾರದ ತಾರೀಕೇ ಇತ್ತಂತೆ. ಯಾವ ಕಡೆ ಅಂತ ಬೇರೆ ಹೇಳಬೇಕಾ? ದೂರದ್ದರಲ್ಲಿ ಸಸ್ಯಾಹಾರ ಅಂದರೆ ಆಲೂಗಡ್ಡೆ, ಸೊಪ್ಪು ಅಷ್ಟೇ. ಮೊಸರನ್ನ ತರಬಹುದಾ ಅಂತ ಕೇಳಿದ್ದಕ್ಕೆ ತಾರೀಕು ಬರೆದು ಫ್ರಿಜ್‌ನಲ್ಲಿಡಿ ಅಂದರು. ಅಲ್ಲಿಗೆ ತೀರ್ಮಾನವಾಯ್ತು.

ಸೇರಿಸಿದ ಮೇಲೆ ಏನಾದರೂ ಸರಿಯಿಲ್ಲ ಅನ್ನಿಸಿದರೆ ಪ್ರತಿ ರಾಜ್ಯದಲ್ಲೂ ಓಂಬುಡ್ಸ್‌ಮನ್ ಇದ್ದಾರೆ. ಅವರ ನಂಬರ್ ನರ್ಸಿಂಗ್ ಹೋಮಿನ ಗೋಡೆ ಮೇಲೇ ಇರಬೇಕು. ಫೋನ್ ಮಾಡೋಕೆ ಹಿಂಜರಿಯಬೇಡಿ.

ಇನ್ನು ದುಡ್ಡಿನ ಮಾತು. ಗ್ರೀನ್ ಕಾರ್ಡ್ ಇರುವ ತಂದೆತಾಯಿ 65 ದಾಟಿ, ಐದು ವರ್ಷ ಸತತವಾಗಿ ಇಲ್ಲಿದ್ದರೆ ಮೆಡಿಕೇರ್ ಕೊಂಡುಕೊಳ್ಳಬಹುದು. ಆದರೆ ಅದು ಕಾಯಂ ಆಗಿ ನರ್ಸಿಂಗ್ ಹೋಮಿನಲ್ಲಿರುವ ಖರ್ಚು ಕೊಡಲ್ಲ. ಆಸ್ಪತ್ರೆಯಿಂದ ಚೇತರಿಸಿಕೊಳ್ಳೋಕೆ ಹೋದವರಿಗೆ ಹೆಚ್ಚೆಂದರೆ 100 ದಿನ, ಅದರಲ್ಲೂ ಪೂರ್ತಿ ಕೊಡೋದು ಮೊದಲ 20 ದಿನ. ಮಾಮೂಲಿ ಮೆಡಿಕೇರ್‌ನಲ್ಲಿ ಅದಕ್ಕೂ ಮುಂಚೆ ಮೂರು ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಇದ್ದಿರಬೇಕು. ಇಲ್ಲೊಂದು ಹಳ್ಳ ಇದೆ: ಹಾಸಿಗೆ ಕೊಟ್ಟು, ಡ್ರಿಪ್ ಹಾಕಿ, ರಾತ್ರಿಯೆಲ್ಲ ಇಟ್ಟುಕೊಂಡರೂ ದಾಖಲೆಯಲ್ಲಿ 'ಅಬ್ಸರ್ವೇಶನ್' ಅಂತ ಬರೆದಿದ್ದರೆ ಆ ದಿನ ಲೆಕ್ಕಕ್ಕಿಲ್ಲ. ಸೇರಿಸಿದ ಮೊದಲ ದಿನವೇ "ಅಮ್ಮ ಇನ್‌ಪೇಷಂಟಾ, ಅಬ್ಸರ್ವೇಶನ್ನಾ?" ಅಂತ ಡಾಕ್ಟರನ್ನ ಕೇಳಿ, ಉತ್ತರವನ್ನ ತಾರೀಕಿನ ಜೊತೆ ಫೋನ್‌ನಲ್ಲಿ ಬರೆದಿಟ್ಟುಕೊಳ್ಳಿ.